ಗಾಳಿಗೂ ತಿರುಗುವ ಮೀಟರು

ನಮ್ಮ ವಠಾರಕ್ಕೆ ಹೊಸದಾಗಿ ಯಾರು ಬಾಡಿಗೆಗೆ ಬಂದರೂ, ಓನರ್ ಮುನಿಯಪ್ಪನವರು ಬೀಗದ ಕೈ ಕೊಡುವ ಮೊದಲೇ ಅವರನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡು ಒಂದು ಕಥೆ ಹೇಳುತ್ತಾರೆ. "ಒಂದು ಕಾಲ್ದಲ್ಲಿ ಈ ನೀರಿನ ಮೀಟರು ಹುಚ್ಚು ಹಿಡಿದಂಗೆ ಓಡ್ತಿತ್ತು ಕಣ್ರೀ. ಬಿಲ್ ನೋಡಿದ್ರೆ ಎದೆ ಝಲ್ ಅನ್ನೋದು. ಕೊನೆಗೆ ಗುಟ್ಟು ಕಂಡುಹಿಡಿದಿದ್ದು ಯಾರು ಗೊತ್ತಾ? ಮೂರನೇ ಮನೆ ಲಾಯರಮ್ಮ!"

ಮೂರನೇ ಮನೆ ಲಾಯರಮ್ಮ ಅಂದರೆ ನಾನು. ನಾನು ಲಾಯರಲ್ಲ, ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳು ಅಳತೆಗೆ ಸರಿಯಾಗಿವೆಯೇ ಎಂದು ಪರೀಕ್ಷಿಸುವವಳು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ, ಗೆಲ್ಲುತ್ತಿದ್ದೆ, ಮನೆಗೆ ಬಂದು ಹಾಲಿನವನ ಹತ್ತಿರವೂ ಅದೇ ಧಾಟಿಯಲ್ಲಿ ಮಾತಾಡುತ್ತಿದ್ದೆ. ಹೆಸರು ಹಾಗೆ ಅಂಟಿಕೊಂಡಿತು.

ಮುನಿಯಪ್ಪನವರ ಕಥೆ ಚೆನ್ನಾಗಿದೆ. ಅದರಲ್ಲಿ ಒಬ್ಬ ಬುದ್ಧಿವಂತೆ ಇದ್ದಾಳೆ, ಒಂದು ಗುಟ್ಟಿದೆ, ಕೊನೆಯಲ್ಲಿ ಬಿಲ್ಲು ಇಳಿಯುತ್ತದೆ. ತೊಂದರೆ ಇಷ್ಟೇ: ಕಂಡುಹಿಡಿದವಳು ನಾನಲ್ಲ. ಮೀಟರಿಗೆ ಹುಚ್ಚು ಹಿಡಿಸಿದವಳು ಮಾತ್ರ ನಾನೇ. ಕಂಡುಹಿಡಿದವರು ಗೇಟಿಗೆ ಅಂಟಿಕೊಂಡ ಒಂದನೇ ಮನೆಯಲ್ಲಿದ್ದ ಶರಣವ್ವ. ಆ ಹೆಸರು ಕಥೆಯಲ್ಲಿ ಬರುವುದೇ ಇಲ್ಲ. ಎರಡು ಸಲ ನಾನೇ ನಡುವೆ ಬಾಯಿ ಹಾಕಿ ತಿದ್ದಲು ಹೋದೆ. "ನೋಡಿ, ಎಷ್ಟು ವಿನಯ ಈ ಹುಡುಗಿಗೆ" ಅಂದುಬಿಟ್ಟರು. ವಾದದಲ್ಲಿ ಸೋತ ಅನುಭವ ನನಗೆ ಕಡಿಮೆ. ಹೊಗಳಿಕೆಯ ಕೈಲಿ ಸೋತದ್ದು ಅದೇ ಮೊದಲು.

ಇದೆಲ್ಲ ಮತ್ತೆ ತಲೆಗೆ ಹೊಕ್ಕಿದ್ದು ಕಳೆದ ತಿಂಗಳು, ಅಮ್ಮ ಸೂಜಿ ಹುಡುಕುವಾಗ. ನಾನು ಚರ್ಚಾಸ್ಪರ್ಧೆಯಲ್ಲಿ ಗೆದ್ದು ತಂದ ದೊಡ್ಡ ಬೆಳ್ಳಿಬಣ್ಣದ ಕಪ್ಪು ನಮ್ಮ ಮನೆಯಲ್ಲಿ ಪಿನ್ನು, ಗುಂಡಿ, ಔಷಧಿ ಚೀಟಿ, ನೀರಿನ ಬಿಲ್ಲು ಇಡುವ ಜಾಗ. ಗಾರ್ಮೆಂಟ್ಸಿಗೆ ಹೋಗುವ ಅಮ್ಮನಿಗೆ ಖಾಲಿ ಪಾತ್ರೆ ಕಂಡರೆ ಆಗದು. ಸೂಜಿಯ ಜೊತೆ ಎರಡು ವರ್ಷ ಹಿಂದಿನ ಒಂದು ಬಿಲ್ಲು ಎದ್ದುಬಂತು. ಅಕ್ಷರ ಅರ್ಧ ಮಾಸಿತ್ತು. ಹಿಂದಿನ ರೀಡಿಂಗ್, ಈಗಿನ ರೀಡಿಂಗ್ ಅನ್ನುವ ಎರಡು ಸಾಲು ಮಾತ್ರ ಉಳಿದಿದ್ದವು.

ನೀರಿನ ವಿಷಯದಲ್ಲಿ ನಾನು ಹುಟ್ಟು ಜಗಳಗಂಟಿ ಅನ್ನುವುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಚಿಕ್ಕವಳಿದ್ದಾಗ ನಮ್ಮ ಚಿಕ್ಕಬಾಣಾವರದ ಈ ಬೀದಿಗೆ ಪೈಪು ಬಂದಿರಲಿಲ್ಲ. ರೈಲ್ವೆ ಸ್ಟೇಷನ್ನಿನ ಕಡೆಗೊಂದು ಕೈಪಂಪು. ಸಾಲಿನಲ್ಲಿ ನಿಲ್ಲಲು ಪುರಸೊತ್ತಿಲ್ಲದವರು ಬಿಂದಿಗೆ ಇಟ್ಟು ಹೋಗುತ್ತಿದ್ದರು. ಬಿಂದಿಗೆ ಇಟ್ಟರೆ ಇನ್ನೊಬ್ಬರು ಎತ್ತಿಕೊಂಡು ಹೋಗಬಹುದು ಅಂತ ಅನುಮಾನ ಇದ್ದವರು ಕಿತ್ತುಹೋದ ಚಪ್ಪಲಿ ಇಟ್ಟು ಹೋಗುತ್ತಿದ್ದರು. ಒಂದು ದಿನ ಒಬ್ಬ ಹೆಂಗಸು ಒಂದೇ ಚಪ್ಪಲಿ ಇಟ್ಟು ಎರಡು ಬಿಂದಿಗೆ ತುಂಬಿಸಿಕೊಳ್ಳಲು ಬಂದರು. ಎಂಟು ವರ್ಷದ ನಾನು ಮುಂದೆ ಹೋಗಿ, "ಒಂದು ಚಪ್ಪಲಿಗೆ ಒಂದೇ ಬಿಂದಿಗೆ. ಎರಡು ಬೇಕಿದ್ರೆ ಜೋಡಿ ಇಡ್ಬೇಕಿತ್ತು" ಅಂದೆ. ಇಡೀ ಸಾಲು ನಕ್ಕಿತು. ಆ ನಗು ಎಷ್ಟು ರುಚಿಯಾಗಿತ್ತು ಅಂದರೆ, ಮುಂದಿನ ಹದಿಮೂರು ವರ್ಷ ನಾನು ಬಾಯಿ ತೆರೆದದ್ದೆಲ್ಲ ಅದನ್ನು ಮತ್ತೆ ಕೇಳುವುದಕ್ಕೇ ಇರಬೇಕು. ಆ ಹೆಂಗಸು ಎರಡನೇ ಬಿಂದಿಗೆ ಖಾಲಿ ಹಿಡಿದು ಹೋದದ್ದು ಈಗ ಬರೆಯುವಾಗ ನೆನಪಾಗುತ್ತಿದೆ. ಆಗ ಕಣ್ಣಿಗೆ ಬಿದ್ದಿರಲಿಲ್ಲ.

ಆಮೇಲೆ ಪೈಪು ಬಂತು. ಬಂತು ಅಂದರೆ ಹೇಗೆ? ಎರಡು ದಿನಕ್ಕೊಮ್ಮೆ, ಬೆಳಿಗ್ಗೆ ಆರರಿಂದ ಹತ್ತರೊಳಗೆ, ಅದಕ್ಕೆ ಮನಸ್ಸು ಬಂದಾಗ. ಬಟ್ಟೆ, ಪಾತ್ರೆ, ಬಚ್ಚಲಿಗೆ ಸಂಪಿನಲ್ಲಿ ಬೋರ್ ನೀರು ಇತ್ತು. ಕುಡಿಯುವುದಕ್ಕೆ, ಅಡಿಗೆಗೆ ಗೇಟಿನ ಹತ್ತಿರ ಒಂದೇ ನಲ್ಲಿ, ಅದರ ಹಿಂದೆ ಒಂದೇ ಮೀಟರು, ಆರು ಮನೆಗೆ ಒಂದೇ ಬಿಲ್ಲು. ಈ ಒಂದೇ ಬಿಲ್ಲಿನ ಕಷ್ಟ ಬಹಳ ಜನಕ್ಕೆ ಗೊತ್ತಿಲ್ಲ. ನೀರಿನ ದರ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಸ್ವಲ್ಪ ಬಳಸಿದರೆ ಸಾವಿರ ಲೀಟರಿಗೆ ಒಂದು ದರ, ಜಾಸ್ತಿಯಾದರೆ ಮೇಲಿನ ಮೆಟ್ಟಿಲಿನ ದರ. ಒಂದೊಂದು ಮನೆಗೂ ಒಂದೊಂದು ಮೀಟರಿದ್ದರೆ ಎಲ್ಲರೂ ಕೆಳಮೆಟ್ಟಿಲಲ್ಲೇ ನೆಮ್ಮದಿಯಾಗಿ ಕೂತಿರುತ್ತೇವೆ. ಆರು ಮನೆ ಒಟ್ಟಿಗೆ ಹತ್ತಿದರೆ ಮೇಲಿನ ಮೆಟ್ಟಿಲು ತಾನಾಗಿ ಕಾಲಿಗೆ ತಗಲುತ್ತದೆ. ಆಗ ಪ್ರತಿ ಮನೆಗೂ ಪಕ್ಕದ ಮನೆಯ ಮೇಲೆ ಸಣ್ಣ ಅನುಮಾನ ಶುರು.

ನನ್ನ ಡಿಗ್ರಿಯ ಕೊನೆಯ ವರ್ಷ. ಓದಲು ಕೂತರೆ ಹತ್ತು ನಿಮಿಷಕ್ಕೊಮ್ಮೆ ಅಮ್ಮನ ದನಿ: "ನೀರು ಬಂತಾ ನೋಡೇ." ಎದ್ದು ಹೋಗು, ನಲ್ಲಿ ತಿರುಗಿಸು, ಇಲ್ಲ, ನಿಲ್ಲಿಸು, ಬಾ. ಮೂರು ದಿನ ಸಹಿಸಿದೆ. ನಾಲ್ಕನೇ ದಿನ ಒಂದು ಹಳೇ ಬಿಸ್ಕತ್ತಿನ ತಗಡು ಡಬ್ಬ ತಂದು ನಲ್ಲಿಯ ಕೆಳಗೆ ಬೋರಲು ಹಾಕಿದೆ. ನಲ್ಲಿಯನ್ನು ಪೂರ್ತಿ ತೆರೆದಿಟ್ಟೆ. ನೀರು ಬಂದ ಕೂಡಲೇ ತಗಡಿನ ಮೇಲೆ ಬಿದ್ದು ಟಣಟಣ ಅನ್ನಬೇಕು, ಆರೂ ಮನೆಗೆ ಕೇಳಬೇಕು, ಆಮೇಲೆ ಎದ್ದರೆ ಸಾಕು. ಕೇಳಿಸಿತು ಕೂಡ. ಎರಡನೇ ಮಹಡಿಯವರು ಕೆಳಗೆ ಬಗ್ಗಿ, "ಸಕ್ಕತ್ ಐಡಿಯಾ ಲಾಯರಮ್ಮ" ಅಂದರು. ಅಂದಿನಿಂದ ನೀರಿನ ದಿನ ನಲ್ಲಿ ಮುಚ್ಚುವ ಪದ್ಧತಿಯೇ ನಿಂತುಹೋಯಿತು.

ಹೆಚ್ಚು ಕಡಿಮೆ ಅದೇ ವಾರ ಶರಣವ್ವನ ಸಂಸಾರ ಒಂದನೇ ಮನೆಗೆ ಬಂತು. ಯಾದಗಿರಿ ಕಡೆಯವರು. ಗಂಡ ಗಾರೆ ಕೆಲಸ, ಈಕೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕಸ ಗುಡಿಸುವ ಕೆಲಸ. ಮಗಳು ಭಾಗ್ಯ ಏಳನೇ ಕ್ಲಾಸು. ಅವಳ ಶಾಲೆ ನಮ್ಮ ಹಿಂದಿನ ಬೀದಿಯಲ್ಲೇ ಅನ್ನುವ ಒಂದೇ ಕಾರಣಕ್ಕೆ ಈ ಮನೆ ಹಿಡಿದಿದ್ದರು. ಸಾಮಾನು ಕಡಿಮೆ, ಕೊಡಗಳು ಮಾತ್ರ ಹನ್ನೊಂದು. ನಾನು ಎಣಿಸಿದ್ದೆ. ಹೊಸ ನೀರು ಬಂದ ದಿನ ಹಿಂದಿನ ನೀರನ್ನೆಲ್ಲ ಸುರಿದು, ಕೊಡ ತಿಕ್ಕಿ, ಮತ್ತೆ ತುಂಬುವುದು ಅವರ ಪದ್ಧತಿ. ಸುರಿಯುವುದು ನಮ್ಮ ಕಿಟಕಿಗೆ ಕಾಣುತ್ತಿತ್ತು. ಎಲ್ಲಿಗೆ ಸುರಿಯುತ್ತಾರೆ ಅನ್ನುವುದಕ್ಕೆ ಮೋಟುಗೋಡೆ ಅಡ್ಡ.

ಮುಂದಿನ ಬಿಲ್ಲು ಜಾಸ್ತಿ ಬಂತು. ಅದರ ಮುಂದಿನದು ಇನ್ನೂ ಜಾಸ್ತಿ. ಮೂರನೆಯದು ಬಂದ ಭಾನುವಾರ ತಿಂಡಿ ಮುಗಿಸಿ ಎಲ್ಲರೂ ಅಂಗಳದಲ್ಲಿ ಸೇರಿದೆವು. ಮುನಿಯಪ್ಪನವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, "ಪೈಪು ಒಡೆದಿಲ್ಲ, ನಾನೇ ನೋಡ್ಸಿದ್ದೀನಿ. ಯಾರೋ ಮಿತಿ ಮೀರಿ ಬಳಸ್ತಿದ್ದಾರೆ. ಯಾರು ಅಂತ ನೀವೇ ಹೇಳಿ" ಅಂದರು. ಎಲ್ಲರೂ ನೆಲ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ನನ್ನನ್ನು ನೋಡಿದರು. ಮಾತಾಡಲು ವಠಾರದಲ್ಲಿ ಒಬ್ಬಳು ಇದ್ದಾಳಲ್ಲ.

ನಾನು ಎದ್ದು ನಿಂತೆ. ಅಂಗಳದ ಸಭೆಗೆ ಎದ್ದು ನಿಲ್ಲಬೇಕಾಗಿರಲಿಲ್ಲ. "ಮೊದಲನೆಯದಾಗಿ, ಬಿಲ್ ಏರಿದ್ದು ಯಾವಾಗ? ಮೂರು ತಿಂಗಳಿಂದ. ಎರಡನೆಯದಾಗಿ, ಮೂರು ತಿಂಗಳಲ್ಲಿ ಈ ವಠಾರದಲ್ಲಿ ಬದಲಾಗಿರೋದು ಏನು? ಒಂದೇ ಒಂದು ಮನೆ. ಮೂರನೆಯದಾಗಿ, ನಮಗೆಲ್ಲ ನಾಲ್ಕು ಬಿಂದಿಗೆ ಸಾಕಾಗುತ್ತೆ, ಅಲ್ಲಿ ಹನ್ನೊಂದಿವೆ. ತುಂಬಿದ್ದನ್ನೂ ಚೆಲ್ತಾರೆ. ನಾನು ಯಾರ ಮೇಲೂ ಅಪವಾದ ಹೊರಿಸ್ತಿಲ್ಲ. ಲೆಕ್ಕ ಹೇಳ್ತಿದ್ದೀನಿ ಅಷ್ಟೆ."

ಅಜ್ಜಿಯ ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಅನ್ನುವ ತಪ್ಪು ತರ್ಕವನ್ನು ಜೂನಿಯರ್‌ಗಳಿಗೆ ಹಲಗೆಯ ಮೇಲೆ ಬರೆದು ಪಾಠ ಮಾಡಿದವಳು ನಾನು. "ಆದಮೇಲೆ ಆದದ್ದೆಲ್ಲ ಅದರಿಂದಲೇ ಆದದ್ದಲ್ಲ" ಅಂತ ಕೆಳಗೆ ಗೆರೆ ಎಳೆದಿದ್ದೆ. ಅಂಗಳದಲ್ಲಿ ಹಲಗೆ ಇರಲಿಲ್ಲ, ಕೇಳುವ ಜನ ಇದ್ದರು.

ಶರಣವ್ವ ಮೆಟ್ಟಿಲ ಮೇಲೆ ಕೂತಿದ್ದರು. ಸೆರಗು ಸರಿಮಾಡಿಕೊಂಡು ಮೆಲ್ಲಗೆ ಅಂದರು: "ನಾನೊಂದು ಕೇಳ್ಲೇನ್ರಿ? ನೀರು ಬರೂದಕ್ಕ ಮೊದಲ ನಳದಾಗಿಂದ ಬುಸ್ಸಂತ ಗಾಳಿ ಬರ್ತದ. ತಾಸುಗಟ್ಟಲೆ ಬರ್ತದ. ಆವಾಗ ಆ ಮೀಟರಿನ ಚಕ್ರ ಗಿರಗಿರ ತಿರುಗತದ. ನಾನು ಬಾಗಿಲಾಗ ಕುಂತು ನೋಡೀನಿ. ಅದ್ಯಾಕ ತಿರುಗತದ?"

ಎಲ್ಲರೂ ಮತ್ತೆ ನನ್ನನ್ನು ನೋಡಿದರು. ಆ ಗಳಿಗೆ ನನಗೆ ಚೆನ್ನಾಗಿ ನೆನಪಿದೆ. ಎದುರಾಳಿಯ ಮಾತಿನಲ್ಲಿ ಹುರುಳಿದೆ ಅನ್ನಿಸಿತು. ಅಂಥ ಹೊತ್ತಿಗೆ ಏನು ಮಾಡಬೇಕು ಅನ್ನುವ ಚರ್ಚಾಸ್ಪರ್ಧೆಯ ತರಬೇತಿಯೂ ಇತ್ತು: ನಗಿಸಿಬಿಡಬೇಕು.

"ಅಕ್ಕಾ, ಹಂಗಾದ್ರೆ ಮುಂದಿನ ತಿಂಗಳಿಂದ ಉಸಿರಾಡೋದಕ್ಕೂ ಬಿಲ್ ಕೊಡ್ತಾರೆ ಬಿಡಿ" ಅಂದೆ.

ಅಂಗಳ ಘೊಳ್ಳೆಂದಿತು. ಶರಣವ್ವನೂ ಸ್ವಲ್ಪ ನಕ್ಕರು. ಬೇರೆ ಏನು ಮಾಡುವುದು ಅಂತ ತಿಳಿಯದವರು ನಗುವ ಹಾಗೆ. ಮುನಿಯಪ್ಪನವರು ತೀರ್ಪು ಕೊಟ್ಟರು: ಒಂದನೇ ಮನೆಯವರು ಇನ್ನು ಎರಡು ಪಾಲು ಕೊಡಬೇಕು. "ಎರಡು ಪಾಲು ನಮಗ ಆಗಂಗಿಲ್ರಿ. ಮಗಳ ಸಾಲಿ ಇಲ್ಲೇ ಅದ, ಬ್ಯಾರೆ ಕಡಿ ಹೋಗಾಕೂ ಬರಂಗಿಲ್ಲ" ಅಂದರು ಶರಣವ್ವ. "ಹಂಗಾದ್ರೆ ಕಮ್ಮಿ ಬಳಸಿ" ಅಂದರು ಮುನಿಯಪ್ಪನವರು. ಮಾತು ಮುಗಿಯಿತು. ಅದಾದ ಮೇಲೆ ಆ ಮನೆಯವರು ನಲ್ಲಿಗೆ ಬಂದಾಗಲೆಲ್ಲ ಮೇಲಿನ ಮಹಡಿಯಿಂದ ಒಂದು ತಲೆ ಇಣುಕುತ್ತಿತ್ತು. ಅವರು ಹನ್ನೊಂದು ಕೊಡವನ್ನು ಐದಕ್ಕೆ ಇಳಿಸಿದರು. ಬಿಲ್ಲು ಇಳಿಯಲಿಲ್ಲ. "ಕಳ್ಳತನದಲ್ಲಿ ಹಿಡೀತಾರೆ" ಅಂದರು ಯಾರೋ. ನಾನು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

ತಿಂಗಳು ಮುಗಿದ ಮೇಲೆ ಅವರು ಮನೆ ಖಾಲಿ ಮಾಡಿದರು. ಲಗೇಜ್ ಆಟೋದಲ್ಲಿ ಕೊಡಗಳನ್ನು ಹಗ್ಗದಿಂದ ಬಿಗಿದು ಕಟ್ಟಿದ್ದರು. ಹೊರಡುವ ಮೊದಲು ಶರಣವ್ವ ನಮ್ಮ ಬಾಗಿಲಿಗೆ ಬಂದು ಅಮ್ಮನ ಕೈಗೆ ನಾಲ್ಕು ಜೋಳದ ರೊಟ್ಟಿ ಕೊಟ್ಟು, ಒಳಗೆ ಪುಸ್ತಕ ಹಿಡಿದು ಕೂತಿದ್ದ ನನ್ನ ಕಡೆ ನೋಡಿ, "ಪರೀಕ್ಷಾ ಚಲೋತ್ನಾಗ ಬರಿಯವ್ವಾ" ಅಂದರು. ನಾನು ಹೂಂ ಅಂದೆ. ಪುಸ್ತಕದಿಂದ ಪೂರ್ತಿ ತಲೆ ಎತ್ತಲಿಲ್ಲ.

ಅವರು ಹೋಗಿ ಮೂರು ವಾರ ಆಗಿರಬೇಕು. ಪರೀಕ್ಷೆ ಮುಗಿದಿತ್ತು. ನೀರಿನ ದಿನ ಬೆಳಿಗ್ಗೆ ಗೇಟಿನ ಹತ್ತಿರ ಹಲ್ಲುಜ್ಜುತ್ತಾ ನಿಂತಿದ್ದೆ. ಬೀದಿಯ ವಾಲ್ವ್ ತಿರುಗಿಸುವ ತಿಮ್ಮರಾಯಪ್ಪ ಸೈಕಲ್ ಮೇಲೆ ಉದ್ದನೆಯ ಕೀಲಿ ಇಟ್ಟುಕೊಂಡು ಬಂದ. ಹಳಬರು ಅವನನ್ನು ಈಗಲೂ ನೀರಗಂಟಿ ಅಂತಲೇ ಕರೆಯುತ್ತಾರೆ. ಅವನ ಅಪ್ಪ ಇದೇ ಊರಿನ ಕೆರೆಯ ತೂಬು ಕಾಯುತ್ತಿದ್ದನಂತೆ. ನಮ್ಮ ನಲ್ಲಿ ನೋಡಿ ಸೈಕಲ್ ನಿಲ್ಲಿಸಿದ.

"ಯಾರಮ್ಮ ಇಂಗೆ ಡಬ್ಬ ಮಡಗಿರೋದು?"

"ನಾನೇ. ನೀರು ಬಂದ್ರೆ ಗೊತ್ತಾಗ್ಲಿ ಅಂತ" ಅಂದೆ. ಸ್ವಲ್ಪ ಹೆಮ್ಮೆಯೂ ಇತ್ತು.

"ನೀರು ಬಂದ್ರೆ ಗೊತ್ತಾಯ್ತದೆ. ಗಾಳಿ ಓಗೋದು ಗೊತ್ತಾಯ್ತದಾ? ಬಗ್ಗಿ ನೋಡು."

ಬಗ್ಗಿದೆ. ನಲ್ಲಿಯಲ್ಲಿ ಒಂದು ಹನಿ ಇಲ್ಲ. ಬುಸ್ ಎಂದು ಗಾಳಿ ಮಾತ್ರ. ಮೀಟರಿನ ಗಾಜಿನ ಕೆಳಗೆ ಪುಟ್ಟ ನಕ್ಷತ್ರದಂಥ ಚಕ್ರ ಕಣ್ಣಿಗೆ ಹಿಡಿಯದಷ್ಟು ಜೋರಾಗಿ ತಿರುಗುತ್ತಿತ್ತು. ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡೇ ಎಷ್ಟು ಹೊತ್ತು ನೋಡಿದೆನೋ.

"ನಿಮ್ದು ಲೈನಿನ ಕೊನೆ ಮನೆ, ದಿಣ್ಣೆ ಮೇಲೆ ಬೇರೆ ಐತೆ" ಅಂದ ತಿಮ್ಮರಾಯಪ್ಪ. "ಕೆಳಗ್ನೋರೆಲ್ಲ ನಲ್ಲಿ ಮುಚ್ಕೊಂಡವ್ರೆ. ಪೈಪ್ನಾಗಿರೋ ಗಾಳಿಯೆಲ್ಲ ನಿಮ್ಮನೇಲೇ ಆಚೆ ಬತ್ತದೆ. ಮೀಟ್ರಿಗೇನು ಕಣ್ಣೈತಾ? ನೀರು ತಳ್ಳುದ್ರೂ ತಿರುಗ್ತದೆ, ಗಾಳಿ ತಳ್ಳುದ್ರೂ ತಿರುಗ್ತದೆ. ಮುಚ್ಚಮ್ಮ ಮೊದ್ಲು. ನೀರು ಬರೋ ಒತ್ತಿಗೆ ಮೆಲ್ಲಕ್ಕೆ ತೆಗಿ."

ಮುಚ್ಚಿದೆ. ಚಕ್ರ ನಿಂತಿತು.

ಈಗ ಕಾರ್ಖಾನೆಯಲ್ಲಿ ನನ್ನ ಕೆಲಸದ ಮೊದಲ ನಿಯಮವೇ ಇದು: ಅಳೆಯುವ ವಸ್ತುವನ್ನು ಅನುಮಾನಿಸುವ ಮೊದಲು ಅಳೆಯುವ ಸಾಧನವನ್ನು ಅನುಮಾನಿಸು. ಬೆಳಿಗ್ಗೆ ಗೇಜುಗಳನ್ನು ಪರೀಕ್ಷೆ ಮಾಡದೆ ಒಂದು ಬಿಡಿಭಾಗವನ್ನೂ ಮುಟ್ಟುವಂತಿಲ್ಲ. ಆದರೆ ಆ ಭಾನುವಾರ ಅಂಗಳದಲ್ಲಿ ಎಲ್ಲವನ್ನೂ ಅನುಮಾನಿಸಬಲ್ಲೆ ಅಂದುಕೊಂಡಿದ್ದ ನಾನು ಅನುಮಾನಿಸದೆ ಬಿಟ್ಟದ್ದು ಎರಡನ್ನು, ಮೀಟರನ್ನು ಮತ್ತು ನನ್ನನ್ನು. ಕೇಳುತ್ತಿದ್ದವರೂ ಆ ಚಕ್ರದ ಹಾಗೆಯೇ. ಜೋರಾಗಿ ತಳ್ಳಿದ್ದು ನಾನು, ಅವರು ತಿರುಗಿದರು.

ಅದೇ ದಿನ ಮುನಿಯಪ್ಪನವರ ಮನೆಗೆ ಹೋಗಿ ಎಲ್ಲ ಹೇಳಿದೆ. ಡಬ್ಬ ಇಟ್ಟದ್ದು ನಾನು, ಗಾಳಿಯ ಮಾತು ಎತ್ತಿದ್ದು ಶರಣವ್ವ ಎಂದೂ ಹೇಳಿದೆ. ಅವರು ಕಾಫಿ ಆರಿಸಿಕೊಳ್ಳುತ್ತಾ, "ಈಗ್ಯಾಕಮ್ಮ ಅದೆಲ್ಲ? ಅವ್ರು ತಾವಾಗೇ ಹೋದ್ರು. ಬಿಲ್ ಇಳಿದ್ರೆ ಸಾಕು" ಅಂದರು. ಬಿಲ್ಲು ಇಳಿಯಿತು. ಇಳಿದ ಬಿಲ್ಲಿನ ಜೊತೆಗೇ ಕಥೆಯೂ ಹುಟ್ಟಿತು, ಅದರಲ್ಲಿ ನಾನು ಬುದ್ಧಿವಂತೆಯಾದೆ. ಅಮ್ಮ ಮಾತ್ರ ಒಂದು ಸಲ, ಸೊಪ್ಪು ಬಿಡಿಸುತ್ತಾ, "ಆವತ್ತು ನಾನೂ ನಕ್ಕೆ ಕಣೇ" ಅಂದಳು. ಆಮೇಲೆ ಆ ಮಾತು ನಮ್ಮ ಮನೆಯಲ್ಲಿ ಬರಲಿಲ್ಲ.

ನೀವು ಕೇಳಬಹುದು, ಗೊತ್ತಾದ ದಿನವೇ ಶರಣವ್ವನನ್ನು ಹುಡುಕಿಕೊಂಡು ಯಾಕೆ ಹೋಗಲಿಲ್ಲ ಅಂತ. ಪ್ರಶ್ನೆ ಸರಿಯಾಗಿದೆ. ನಂಬರ್ ಇರಲಿಲ್ಲ, ಕೆಲಸ ಹುಡುಕುತ್ತಿದ್ದೆ, ಎಲ್ಲಿ ಹೋದರೋ ಗೊತ್ತಿರಲಿಲ್ಲ ಎಂದು ಮೂರು ಕಾರಣ ಕೊಡಬಲ್ಲೆ. ಮೂರೂ ನಿಜ. ಮೂರು ಕಾರಣ ಥಟ್ಟನೆ ಕೊಡುವವರನ್ನು ನಂಬಬೇಡಿ ಎಂದು ಮಾತ್ರ ಹೇಳುತ್ತೇನೆ.

ಕಪ್ಪಿನಿಂದ ಆ ಬಿಲ್ಲು ಎದ್ದುಬಂದ ವಾರ ಅಮ್ಮ ತನ್ನ ಗಾರ್ಮೆಂಟ್ಸಿನಲ್ಲಿ ಯಾದಗಿರಿ ಕಡೆಯ ಹೆಂಗಸರನ್ನೆಲ್ಲ ವಿಚಾರಿಸಿ ಬಂದಳು. ನಾನು ಕೇಳಿರಲಿಲ್ಲ. "ಚಂದಾಪುರದಲ್ಲಿದ್ದಾರಂತೆ" ಎಂದು ಒಂದು ಚೀಟಿಯಲ್ಲಿ ಬೀದಿಯ ಗುರುತು ಬರೆಸಿಕೊಂಡು ಬಂದಿದ್ದಳು. ಚಿಕ್ಕಬಾಣಾವರ ಬೆಂಗಳೂರಿನ ಒಂದು ತುದಿ, ಚಂದಾಪುರ ಇನ್ನೊಂದು ತುದಿ. ಮೆಜೆಸ್ಟಿಕ್ಕಿನಲ್ಲಿ ಬಸ್ ಬದಲಿಸಿ, ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಮೂರು ಗಂಟೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕ್ಷಮೆ ಕೇಳುವುದನ್ನು ಅಭ್ಯಾಸ ಮಾಡುತ್ತಾ ಹೋದೆ. ಮೊದಲನೆಯದಾಗಿ, ಎರಡನೆಯದಾಗಿ ಅಂತಲೇ ಬರುತ್ತಿತ್ತು, ಏನು ಮಾಡಲಿ.

ತಗಡಿನ ಬಾಗಿಲಿನ ಸಾಲುಮನೆ. ಬೀದಿಯಲ್ಲಿ ಟ್ಯಾಂಕರ್ ನಿಂತಿತ್ತು. ಶರಣವ್ವ ಕೊಡಗಳನ್ನು ಸಾಲಾಗಿ ಇಡುತ್ತಿದ್ದರು. ನನ್ನನ್ನು ನೋಡಿ ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು.

"ಅಯ್ಯ, ಲಾಯರವ್ವ! ಇಷ್ಟು ದೂರ? ಅವ್ವ ಅರಾಮ ಅದಾಳೇನು? ಒಳಗ ಕೂಡು ಬಾ."

ನಾನು ಅಲ್ಲೇ ನಿಂತು ಹೇಳಿಬಿಟ್ಟೆ. ಅಭ್ಯಾಸ ಮಾಡಿದ ಒಂದು ವಾಕ್ಯವೂ ಬಾಯಿಗೆ ಬರಲಿಲ್ಲ. ಡಬ್ಬ, ಗಾಳಿ, ಚಕ್ರ, ನನ್ನದೇ ತಪ್ಪು ಎಂದು ಹಿಂದುಮುಂದಾಗಿ ಹೇಳಿದೆ. ಅವರು ಹಳೇ ನೀರಿದ್ದ ಕೊಡವನ್ನು ಎತ್ತಿ ಬಾಗಿಲ ಪಕ್ಕದ ಬಕೆಟ್ಟಿಗೆ ಸುರಿಯುತ್ತಾ ಕೇಳಿಸಿಕೊಂಡರು. ಬಕೆಟ್ಟಿನಲ್ಲಿ ನೆನೆಹಾಕಿದ ಬಟ್ಟೆಗಳಿದ್ದವು. ಒಂದು ಹನಿ ಕೂಡ ನೆಲಕ್ಕೆ ಬೀಳಲಿಲ್ಲ.

"ಹೌದಲ್ಲ, ನಾ ಅಂದಿದ್ನಲ್ಲ ಅವತ್ತು" ಅಂದರು. ಸಿಟ್ಟಿರಲಿಲ್ಲ. ಎಲ್ಲೋ ಇಟ್ಟು ಮರೆತ ವಸ್ತು ಸಿಕ್ಕಿದ ಹಾಗೆ ಅಂದರು. "ಈಗ ಬಿಲ್ ಕಡಿಮಿ ಆಗ್ಯದಿಲ್ಲ? ಚಲೋ ಆತು ಬಿಡು."

"ಭಾಗ್ಯ ಎಲ್ಲಿ?" ಅಂದೆ.

"ಸಾಲಿ ಗೆಳತ್ಯಾರ ಮನಿಗಿ ಹೋಗ್ಯಾಳ. ಇಲ್ಲಿಗಿ ಬಂದ ಮ್ಯಾಲ ಆರು ತಿಂಗಳು ಮನ್ಯಾಗ ಕುಂತಳು, ಆ ವರ್ಷ ಹಂಗೇ ಹೋತು. ಮತ್ತ ಏಳನೇತ್ತಕ್ಕೇ ಹಾಕಿದ್ವಿ. ಈಗ ಎಂಟನೇತ್ತ. ಜೋಡಿಯವ್ರೆಲ್ಲ ಒಂಬತ್ತನೇತ್ತ ಅದಾರಂತ ಒಮ್ಮೊಮ್ಮಿ ಅಳ್ತಾಳ."

ಟ್ಯಾಂಕರಿನವನು "ಅಕ್ಕಾ, ಬೇಗ" ಎಂದು ಕೂಗಿದ. ಶರಣವ್ವ ಪೈಪು ತೆಗೆದುಕೊಂಡು ಮೊದಲ ಕೊಡದ ಬಾಯಿಗೆ ಇಟ್ಟರು. ನಾನು ಎರಡನೆಯದನ್ನು ಹತ್ತಿರ ಸರಿಸಿ ಕೊಟ್ಟೆ. ಕೇಳಲು ಬಂದದ್ದು ಕ್ಷಮೆಯಾಗಿತ್ತು. ಬಾಯಿಗೆ ಬಂದದ್ದು ಬೇರೆ.

"ಅಕ್ಕಾ, ಅವತ್ತು ನಾವೆಲ್ಲ ನಕ್ಕಮೇಲೂ ನೀವು ಆ ಮಾತು ಇನ್ನೊಂದು ಸಲ ಹೇಳಿದ್ರೆ, ನಾನು ಎದ್ದು ಹೋಗಿ ಆ ಮೀಟರ್ ನೋಡ್ತಿದ್ದೆ ಅಂತ ನಿಮಗನ್ಸುತ್ತಾ?"